ಐರಿಷ್ ಹೆಸರುಗಳನ್ನು ಸರಿಯಾಗಿ ಓದುವುದು ಹೇಗೆ?

ಎಸ್-ಐ-ಓ-ಬಿ-ಎಚ್-ಎ-ಎನ್. ಇದನ್ನು ಕಂಡ ಕನ್ನಡಿಗರು ಥಟ್ಟನೆ 'ಸಿಯೊಭಾನ್' ಎನ್ನುತ್ತಾರೆ. ಬಿ-ಎಚ್ ಬಂದರೆ 'ಭ' ಎಂದು ನಮಗೆ ರೂಢಿಯಾಗಿಬಿಟ್ಟಿದೆ. ಆದರೆ ಈ ಹೆಣ್ಣು ಹೆಸರು 'ಶಿವಾನ್'. ಐರ್ಲೆಂಡಿನ ಭಾಷೆಯಾದ ಐರಿಷ್ ಗೇಲಿಕ್‌ಗೆ ತನ್ನದೇ ಕಾಗುಣಿತವಿದೆ. ಇಂಗ್ಲಿಷಿಗಿಂತ ಅದು ಎಷ್ಟೋ ಶಿಸ್ತಿನದು.

ಮೊದಲು ಸ್ವರದ ಮೇಲೆ ಓರೆ ಗೆರೆ ಇದೆಯೇ ನೋಡಿ. 'ಫದ' ಎಂಬ ಈ ಗೆರೆಯ ಕೆಲಸ ನಮ್ಮ ದೀರ್ಘದ್ದೇ. ಎಫ್-ಇ-ಎ-ಆರ್ ಎಂದು ಗೆರೆಯಿಲ್ಲದೆ ಬರೆದರೆ 'ಫ್ಯರ್', ಅಂದರೆ ಗಂಡಸು. ಇ ಮೇಲೆ ಗೆರೆ ಎಳೆದರೆ 'ಫೇರ್', ಹುಲ್ಲು! ಗೆರೆಯನ್ನು ಅಲಂಕಾರವೆಂದು ಬಿಡಬೇಡಿ.

ಆಮೇಲೆ ಪ್ರತಿ ವ್ಯಂಜನದ ಅಕ್ಕಪಕ್ಕ ನೋಡಿ. ಎ, ಓ, ಯು 'ಅಗಲ' ಸ್ವರಗಳು. ಇ, ಐ 'ತೆಳು' ಸ್ವರಗಳು. ವ್ಯಂಜನದ ಎರಡೂ ಬದಿಗೆ ಒಂದೇ ಗುಂಪಿನ ಸ್ವರ ಇರಬೇಕು. ಹಾಗಾಗಿ ಕೆಲವು ಸ್ವರಗಳು ನಿಯಮ ಕಾಯಲೆಂದೇ ನಿಂತಿರುತ್ತವೆ, ಅವನ್ನು ಉಚ್ಚರಿಸುವುದಿಲ್ಲ. 'ಶಿವಾನ್'ನ ಓ ಅಂಥದ್ದು: ಬಿ-ಎಚ್‌ನ ಆಚೆ ಎ ಇದೆ, ಈಚೆಗೂ ಒಂದು ಅಗಲ ಸ್ವರ ಬೇಕಾಯಿತು. ಎಸ್ ಅಗಲ ಸ್ವರದ ಪಕ್ಕ 'ಸ', ತೆಳು ಸ್ವರದ ಪಕ್ಕ 'ಶ'. ಎಸ್-ಎ-ಓ-ಐ-ಆರ್-ಎಸ್-ಇ ಎಂಬ ಹೆಸರಿನಲ್ಲಿ ಎರಡೂ ಸಿಗುತ್ತವೆ. ಎ-ಓ-ಐ ಮೂರೂ ಸೇರಿ 'ಈ', ಕೊನೆಯ ಇ ಮೆಲ್ಲನೆಯ 'ಅ', ಹೀಗೆ 'ಸೀರ್ಶ'. ಸ್ವಾತಂತ್ರ್ಯ ಎಂದರ್ಥ.

ಹೆಚ್ಚು ಜನ ಎಡವುವುದು ಎಚ್ ಬಳಿ. ಅದು ಮಹಾಪ್ರಾಣವಲ್ಲ, ವ್ಯಂಜನ ಮೆದುವಾಗಿದೆ ಎಂಬ ಗುರುತು. ಹಳೆಯ ಗೇಲಿಕ್ ಅಚ್ಚಿನಲ್ಲಿ ವ್ಯಂಜನದ ನೆತ್ತಿಗೆ ಚುಕ್ಕೆ ಇಡುತ್ತಿದ್ದರು. ರೋಮನ್ ಅಚ್ಚಿನಲ್ಲಿ ಆ ಚುಕ್ಕೆಯ ಕೆಲಸ ಎಚ್‌ನದು. ಬಿ-ಎಚ್, ಎಂ-ಎಚ್ ಎರಡೂ 'ವ'. ಅಗಲ ಸ್ವರದ ಪಕ್ಕ ಕೆಲವು ಪ್ರಾಂತ್ಯಗಳಲ್ಲಿ ಇದು ಇಂಗ್ಲಿಷಿನ ಡಬ್ಲ್ಯೂ ಆಗುತ್ತದೆ, ನಮ್ಮ 'ವ' ಎರಡಕ್ಕೂ ಹೊಂದುತ್ತದೆ. ಪಿ-ಎಚ್ 'ಫ', ಎಸ್-ಎಚ್, ಟಿ-ಎಚ್ 'ಹ', ಎಫ್-ಎಚ್‌ಗೆ ಸದ್ದೇ ಇಲ್ಲ. ಡಿ-ಎಚ್, ಜಿ-ಎಚ್ ಪದದ ನಡುವೆ ಸಾಮಾನ್ಯವಾಗಿ ಹಿಂದಿನ ಸ್ವರದಲ್ಲಿ ಕರಗುತ್ತವೆ: ಟಿ-ಎ-ಡಿ-ಎಚ್-ಜಿ 'ತೈಗ್'. ಎನ್-ಐ-ಎ-ಎಂ-ಎಚ್ ಎಂದಿದ್ದರೆ ನಮ್ಮ 'ನೀವು' ಪದದ ಕೊನೆಯ ಉಕಾರ ಬಿಟ್ಟು 'ನೀವ್' ಎನ್ನಿ.

ಸಂಬೋಧನೆಯಲ್ಲೂ ಈ ಎಚ್ ಬರುತ್ತದೆ. ಶೇಮಸ್‌ನನ್ನು ಕೂಗುವಾಗ 'ಅ ಹೇಮಿಶ್'. ಸ್ಕಾಟ್ಲೆಂಡಿನ ಗೇಲಿಕ್‌ನ ಇಂಥದ್ದೇ ಸಂಬೋಧನಾ ರೂಪವೇ ಇಂಗ್ಲಿಷಿನಲ್ಲಿ ಹೇಮಿಶ್ ಎಂಬ ಹೆಸರಾಯಿತು.

ಕೊನೆಗೆ ಒತ್ತಕ್ಷರ. ಜಿ-ಓ-ಆರ್-ಎಂ, ಅಂದರೆ ನೀಲಿ, 'ಗೊರ್ಮ್' ಅಲ್ಲ, 'ಗೊರಮ್'. ಕರ್ಮ 'ಕರುಮ'ವಾದಂತೆ ನಡುವೆ ಒಂದು ಸ್ವರ ನುಸುಳುತ್ತದೆ. ಗೇಲಿಕ್ ವಿದ್ವಾಂಸರೂ ಇದನ್ನು 'ಸ್ವರಭಕ್ತಿ' ಎಂದೇ ಕರೆಯುವುದುಂಟು. ಹಿಂದಿನ ಸ್ವರ ದೀರ್ಘವಾಗಿದ್ದರೆ ಮಾತ್ರ ಹೀಗೆ ಸೇರಿಸಬೇಡಿ: ಟಿ-ಇ-ಎ-ಆರ್-ಎಂ-ಎ ಪದದ ಇ ಮೇಲೆ ಫದ ಇರುವುದರಿಂದ ಅದು 'ತೇರ್ಮ'.