ಸಗಣಿ ತೊಳೆದು ನೋಡಿ, ರಸಮೇವಿನ ಗುಟ್ಟು ತಿಳಿಯುತ್ತದೆ

ದೇವನಹಳ್ಳಿ, ಹೊಸಕೋಟೆ, ಆನೇಕಲ್ ಕಡೆ ಹೊಲಗಳೆಲ್ಲ ಸೈಟಾಗುತ್ತಿವೆ. ನಾಲ್ಕು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್ ತಳಿ) ಹಸು ಉಳಿಸಿಕೊಂಡವರಿಗೆ ಹಸಿ ಮೇವು ಬೆಳೆಯಲು ಜಾಗವಿಲ್ಲ. ಮುಸುಕಿನ ಜೋಳದ ರಸಮೇವಿನ, ಅಂದರೆ ಹಸಿ ಬೆಳೆಯನ್ನು ಕತ್ತರಿಸಿ ಗಾಳಿಯಾಡದಂತೆ ಮುಚ್ಚಿಟ್ಟು ಹುಳಿಸಿದ ಸೈಲೇಜ್‌ನ ಚೀಲ ತರಿಸುತ್ತಾರೆ. ಕೊಳ್ಳುವಾಗ ನೋಡುವುದು ಎರಡೇ: ಕೆ.ಜಿ.ಗೆ ಎಷ್ಟು, ವಾಸನೆ ಹೇಗಿದೆ. ಹದವಾದ ಹುಳಿ ವಾಸನೆ ಬಂದರೆ ಮೇವು ಕೆಟ್ಟಿಲ್ಲ ಎಂದಷ್ಟೇ ಅರ್ಥ. ಅದರ ನಾರು ಹಸುವಿನ ಹೊಟ್ಟೆಯಲ್ಲಿ ಕರಗುತ್ತದೋ ಇಲ್ಲವೋ ಎಂಬುದು ಮೂಗಿಗೆ ತಿಳಿಯುವುದಿಲ್ಲ.

ನಾರನ್ನು ಕರಗಿಸುವುದು ಹಸುವಲ್ಲ, ಅದರ ಮೊದಲ ಹೊಟ್ಟೆಯಾದ ರೂಮೆನ್‌ನಲ್ಲಿರುವ ಸೂಕ್ಷ್ಮಜೀವಿಗಳು. ದಂಟು ಬಲಿತಂತೆ ಅದರಲ್ಲಿ ಲಿಗ್ನಿನ್ ಎಂಬ ಗಟ್ಟಿ ಅಂಶ ಹೆಚ್ಚುತ್ತದೆ. ಅದು ನಾರಿಗೆ ಅಂಟಿಕೊಂಡುಬಿಟ್ಟರೆ ಸೂಕ್ಷ್ಮಜೀವಿಗಳು ಹತ್ತಿರ ಸುಳಿಯಲಾರವು. ಕರಗದ ನಾರು ಹೊಟ್ಟೆಯಲ್ಲೇ ಕೂತು ಜಾಗ ಹಿಡಿಯುತ್ತದೆ. ಹೊಟ್ಟೆ ತುಂಬಿದ ಹಸು ಗೋದಲಿಯಿಂದ ಮುಖ ತಿರುಗಿಸುತ್ತದೆ. ಅಮೆರಿಕದ ಮಿಚಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 1999ರಲ್ಲಿ ಕೊಟ್ಟ ಲೆಕ್ಕದಂತೆ, ಮೇವಿನ ನಾರು ಕರಗುವ ಪ್ರಮಾಣ ಶೇಕಡಾವಾರು ಒಂದು ಅಂಶ (ಶೇ 50 ಇದ್ದದ್ದು 51 ಆದಂತೆ) ಏರಿದರೆ ಹಸು ದಿನಕ್ಕೆ 0.17 ಕೆ.ಜಿ. ಒಣ ಮೇವಿನಷ್ಟು ಹೆಚ್ಚು ತಿನ್ನುತ್ತದೆ, ಶೇ 4 ಕೊಬ್ಬಿರುವ ಹಾಲಿಗೆ ಸಮಗೊಳಿಸಿ ಲೆಕ್ಕ ಹಾಕಿದರೆ ಹಾಲು ದಿನಕ್ಕೆ 0.25 ಕೆ.ಜಿ. ಹೆಚ್ಚುತ್ತದೆ.

ಸ್ವಂತ ಬೆಳೆ ಇದ್ದರೆ

ಒಂದು ತೆನೆ ಮುರಿದು ಕಾಳಿನ ಬದಿ ನೋಡಿ. ಗಟ್ಟಿಯಾದ ಹಿಟ್ಟಿನ ಭಾಗಕ್ಕೂ ಹಾಲಿನ ಭಾಗಕ್ಕೂ ನಡುವೆ ಗೆರೆ ಕಾಣುತ್ತದೆ. ಅದು ಕಾಳಿನ ಅರ್ಧಕ್ಕೋ ಮೂರರಲ್ಲಿ ಎರಡು ಭಾಗಕ್ಕೋ ಇಳಿದಾಗ ಕೊಯ್ಯಿರಿ. ತಡ ಮಾಡಿದರೆ ಕಾಳಿನಲ್ಲಿ ಪಿಷ್ಟ ಕೂಡುತ್ತದೆ ನಿಜ, ದಂಟು ಮಾತ್ರ ಸೌದೆಯಾಗುತ್ತದೆ. ಬುಡದ ಗೇಣುದ್ದ ಹೊಲದಲ್ಲೇ ಬಿಡಿ. ಲಿಗ್ನಿನ್ ಹೆಚ್ಚಿರುವುದು ಅಲ್ಲೇ. ಇಳುವರಿ ಕೊಂಚ ತಗ್ಗುತ್ತದೆ, ಅದಕ್ಕೆ ಬೇಸರ ಬೇಡ. ಕತ್ತರಿಸುವಾಗ ತುಂಡು 1ರಿಂದ 2 ಸೆಂ.ಮೀ. ಇರಲಿ. ಹುಡಿಯಾದರೆ ಹಸು ಮೆಲುಕು ಹಾಕುವುದು ಕಡಿಮೆಯಾಗುತ್ತದೆ, ಉದ್ದವಾದರೆ ಗುಂಡಿಯಲ್ಲಿ ಗಾಳಿ ಉಳಿದು ಬೂಷ್ಟು ಹಿಡಿಯುತ್ತದೆ. ಮುಚ್ಚಿಟ್ಟರೆ ಒರಟು ನಾರು ಮೆತ್ತಗಾದೀತೆಂದು ಕಾಯಬೇಡಿ. ಹುಳಿಯುವಿಕೆ ಮೇವನ್ನು ಕೆಡದಂತೆ ಕಾಯುತ್ತದೆಯೇ ಹೊರತು ಬಲಿತ ದಂಟನ್ನು ಎಳೆಯದಾಗಿಸುವುದಿಲ್ಲ.

ಚೀಲ ಕೊಳ್ಳುವವರು

ನೀರಿಗೆ ದುಡ್ಡು ಕೊಡುತ್ತಿದ್ದೀರಾ ಎಂದು ಮೊದಲು ನೋಡಿ. 100 ಗ್ರಾಂ ರಸಮೇವನ್ನು ಮೈಕ್ರೋವೇವ್‌ನಲ್ಲಿ ಸ್ವಲ್ಪ ಸ್ವಲ್ಪವೇ ಒಣಗಿಸಿ, ತೂಕ ಇಳಿಯುವುದು ನಿಲ್ಲುವವರೆಗೆ ತೂಗುತ್ತಿರಿ (ಮನೆಯಾಕೆ ಊರಿಗೆ ಹೋದಾಗ ಮಾಡುವುದು ಕ್ಷೇಮ). ಕೊನೆಗೆ 30ರಿಂದ 35 ಗ್ರಾಂ ಉಳಿಯಬೇಕು. 50 ಕೆ.ಜಿ. ಚೀಲದಲ್ಲಿ ಶೇ 35 ಒಣ ಅಂಶವಿದ್ದರೆ 17.5 ಕೆ.ಜಿ. ಮೇವು ಸಿಗುತ್ತದೆ, ಶೇ 25 ಇದ್ದರೆ ಬರೀ 12.5. ಬೆಲೆ ಕೇಳುವಾಗ ಈ ಲೆಕ್ಕ ಹಿಡಿದು ಕೇಳಿ.

ಹೊಸ ಮೇವನ್ನು ಒಮ್ಮೆಲೇ ಸುರಿಯಬೇಡಿ, ಹತ್ತು ದಿನಗಳಲ್ಲಿ ಸ್ವಲ್ಪಸ್ವಲ್ಪವಾಗಿ ಏರಿಸಿ.

ಆಮೇಲೆ ಕೊಟ್ಟಿಗೆಯಲ್ಲಿ ನಿಂತು ನೋಡಿ. ಮಲಗಿರುವ ಹಸುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮೆಲುಕು ಹಾಕುತ್ತಿರಬೇಕು. ಮೆಲುಕಿನೊಂದಿಗೆ ಜೊಲ್ಲು ಹರಿದು ಹೊಟ್ಟೆಯ ಹುಳಿಯನ್ನು ಹತೋಟಿಯಲ್ಲಿಡುತ್ತದೆ. ಹುಳಿ ಮಿತಿಮೀರಿದರೆ ನಾರು ಕರಗಿಸುವ ಜೀವಿಗಳೇ ಸೊರಗುತ್ತವೆ, ಡೇರಿಯಲ್ಲಿ ಫ್ಯಾಟ್ ಇಳಿಯುತ್ತದೆ. ಹಾಗಾದಾಗ ಹೆಚ್ಚಿನವರು ಹಿಂಡಿ, ಬೂಸಾ ಇನ್ನಷ್ಟು ಸುರಿಯುತ್ತಾರೆ. ಉರಿಗೆ ಎಣ್ಣೆ ಹೊಯ್ದ ಹಾಗೆ. ಹಿಂಡಿಯನ್ನು ತಗ್ಗಿಸಿ, ಒಂದಿಷ್ಟು ರಾಗಿ ಹುಲ್ಲು ಹಾಕಿ ನೋಡಿ.

ಕೊನೆಯದು ಸಗಣಿ. ಒಂದು ಹಿಡಿ ತೆಗೆದು ಹಳೆಯ ಜರಡಿಯಲ್ಲಿಟ್ಟು ನಲ್ಲಿ ಕೆಳಗೆ ತೊಳೆಯಿರಿ. 1 ಸೆಂ.ಮೀ.ಗಿಂತ ಉದ್ದದ ನಾರು ಜಾಸ್ತಿ ಉಳಿದರೆ ಮೇವು ಸರಿಯಾಗಿ ಕರಗದೆ ಹೊರಬೀಳುತ್ತಿದೆ. ಇಡೀ ಕಾಳುಗಳು ಕಂಡರೆ ನೀವು ಕೊಟ್ಟ ಕಾಸಿನ ಪಿಷ್ಟ ತಿಪ್ಪೆಗೆ ಹೋಗುತ್ತಿದೆ. ಮುಂದಿನ ಲೋಡು ಇಳಿಸುವ ಮೊದಲು ಮಾರುವವರಿಗೆ ಫೋನು ಮಾಡಿ, ಅವರ ಯಂತ್ರ ಕಾಳನ್ನು ಜಜ್ಜುತ್ತದೆಯೇ ಎಂದು ಕೇಳಿ.