ವಾರ್ಡಲ್ಲಿ ಕಲ್ತ ಇಂಗ್ಲಿಷ್: ಟೇಕ್ ಆಫ್ ಆದ್ಮೇಲೆ ಯುವರ್ ಯಾಕೆ ಬೇಕು

ನಾನು ನರ್ಸ್. ಕರ್ನಾಟಕದಲ್ಲಿ ಬಿಎಸ್ಸಿ ನರ್ಸಿಂಗ್ ಮಾಡಿ ಕೆಲವು ವರ್ಷ ಕೆಲ್ಸ ಮಾಡಿ, ಈಗ ಇಂಗ್ಲೆಂಡಲ್ಲಿ ನಾಟಿಂಗ್‌ಹ್ಯಾಮ್ ಕಡೆ ಒಂದು ಆಸ್ಪತ್ರೆಯ ಮೂಳೆ ವಾರ್ಡಲ್ಲಿದೀನಿ. ಇಲ್ಲಿಗೆ ಬರೋಕೆ ಇಂಗ್ಲಿಷ್ ಪರೀಕ್ಷೆ ಬರೀಬೇಕು, ಐಇಎಲ್‌ಟಿಎಸ್ ಆದ್ರೆ ಓದೋದು, ಕೇಳೋದು, ಮಾತಾಡೋದು ಮೂರರಲ್ಲೂ 7 ಬೇಕು, ರೈಟಿಂಗಲ್ಲಿ 6.5, ಓಇಟಿ (ಆಸ್ಪತ್ರೆ ಕೆಲ್ಸದವ್ರಿಗೇ ಇರೋ ಪರೀಕ್ಷೆ) ಆದ್ರೆ ಆ ಮೂರಕ್ಕೆ ಬಿ ಗ್ರೇಡು, ರೈಟಿಂಗಿಗೆ ಸಿ ಪ್ಲಸ್. ಅದಕ್ಕೆಲ್ಲ ಕೋಚಿಂಗ್ ಸಿಗತ್ತೆ. ಆದ್ರೆ ಪೇಷಂಟ್ ಪಕ್ಕ ನಿಂತಾಗ ಬೇಕಾಗೋ ಇಂಗ್ಲಿಷ್ ಬೇರೇನೇ. ರಿಮೂವ್, ಎಲಿವೇಟ್, ವಾಮಿಟ್ ಇವೆಲ್ಲ ಡಾಕ್ಟರ್‌ಗೆ ಬರೆಯೋ ಲೆಟರಲ್ಲಿ ಚೆನ್ನಾಗಿರತ್ತೆ, ಎಂಬತ್ತು ದಾಟಿದ ಅಜ್ಜಿ ಹತ್ರ ಮಾತಾಡೋವಾಗ ಟೇಕ್ ಆಫ್ ಯುವರ್ ಶೂಸ್, ರೋಲ್ ಅಪ್ ಯುವರ್ ಸ್ಲೀವ್, ಪುಟ್ ಯುವರ್ ಲೆಗ್ ಅಪ್ ಅಂತಾನೇ ಹೇಳ್ಬೇಕು. ಊರಿಂದ ಜೂನಿಯರ್ಸ್ ಮೆಸೇಜ್ ಮಾಡಿ ಅಕ್ಕಾ ಫ್ರೇಸಲ್ ವರ್ಬ್ (ಕ್ರಿಯಾಪದದ ಹಿಂದೆ ಆಫ್, ಅಪ್, ಔಟ್ ತರದ ಬಾಲ ಸೇರಿರೋದು) ಲಿಸ್ಟ್ ಇದ್ರೆ ಕಳ್ಸಿ ಅಂತ ಕೇಳ್ತಿರ್ತಾರೆ, ಅವ್ರಿಗೋಸ್ಕರ ನಾನು ಕಲ್ತ ರೀತಿನ ಇಲ್ಲಿ ಬರೀತಿದೀನಿ.

ಮೊದಲ್ನೇದಾಗಿ ಎ ಇಂದ ಝಡ್ ತನಕ ಇರೋ ಲಿಸ್ಟ್ ಬಾಯಿಪಾಠ ಮಾಡೋಕೆ ಹೋಗ್ಬೇಡಿ. ನಾನು ಟೇಕ್ ಆಫ್ ಅಂತ ಬರೆದು ಮುಂದೆ ಕನ್ನಡ ಅರ್ಥ ಬರೆಯೋದು ಬಿಟ್ಟು, ಯೂನಿಫಾರ್ಮ್ ಜೇಬಲ್ಲಿರೋ ಪುಟ್ಟ ಬುಕ್ಕಲ್ಲಿ ಕಿವಿಗೆ ಬಿದ್ದ ಹಾಗೇ ಪೂರ್ತಿ ಬರ್ಕೊಳ್ತಿದ್ದೆ. ಟೇಕ್ ಔಟ್ ಯುವರ್ ಹಿಯರಿಂಗ್ ಏಡ್ಸ್. ಪುಟ್ ಇನ್ ಯುವರ್ ಟೀತ್ (ಹಲ್ಲಿನ ಸೆಟ್ಟು). ಫಿನಿಶ್ ಆಫ್ ಯುವರ್ ಆಂಟಿಬಯಾಟಿಕ್ಸ್. ಡ್ರಿಂಕ್ ಅಪ್ ಯುವರ್ ಟೀ. ಅಂದ್ರೆ ಕ್ರಿಯಾಪದ, ಅದ್ರ ಬಾಲ, ಯಾರದ್ದು, ಯಾವ ವಸ್ತು, ನಾಲ್ಕೂ ಒಟ್ಟಿಗೆ. ಯಾಕಂದ್ರೆ ನಮ್ಮವ್ರ ಬಾಯಲ್ಲಿ ಟೇಕ್ ಆಫ್ ಬಂದುಬಿಡತ್ತೆ, ಜಾರಿ ಹೋಗೋದು ಆ ಯುವರ್ರೇ. ಟೇಕ್ ಆಫ್ ಶೂಸ್, ಪುಟ್ ಆನ್ ಗೌನ್ ಅಂದ್ರೂ ಅರ್ಥ ಆಗತ್ತೆ, ಆದ್ರೆ ಬೋರ್ಡಲ್ಲಿರೋ ಸೂಚನೆ ಓದಿದ ಹಾಗೆ ಕೇಳ್ಸತ್ತೆ, ಎದುರಿಗಿರೋ ಮನುಷ್ಯರ ಜೊತೆ ಮಾತಾಡಿದ ಹಾಗಲ್ಲ. ನೋವಲ್ಲಿರೋರಿಗೆ ಆ ವ್ಯತ್ಯಾಸ ಗೊತ್ತಾಗತ್ತೆ.

ಯಾಕೆ ಜಾರತ್ತೆ ಅಂತ ಯೋಚ್ನೆ ಮಾಡಿದಾಗ ನನಗೆ ಸಿಕ್ಕಿದ್ದು ನಮ್ಮದೇ 'ಕೊ'. ನಾವು ಮುಖ ತೊಳ್ಕೊ ಅಂತೀವಿ, ತಲೆ ಬಾಚ್ಕೊ, ಶರ್ಟ್ ಹಾಕ್ಕೊ ಅಂತೀವಿ, ನಿನ್ನ ಮುಖ ನಿನ್ನ ತಲೆ ಅಂತ ಯಾರೂ ಹೇಳಲ್ಲ, ಹೇಳಿದ್ರೆ ಜಗಳಕ್ಕೆ ನಿಂತ ಹಾಗಿರತ್ತೆ. ಯಾರ ಮುಖ ಅನ್ನೋದನ್ನ ಆ ಕೊ ಹೇಳಿ ಆಗಿರತ್ತೆ. ಮಗೂಗೆ ಶರ್ಟ್ ಹಾಕು, ನೀನು ಶರ್ಟ್ ಹಾಕ್ಕೊ, ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಇಂಗ್ಲಿಷಲ್ಲಿ ಆ ಕೆಲ್ಸನ ಮೈ, ಯುವರ್, ಹಿಸ್, ಹರ್ ಮಾಡತ್ತೆ. ಹಾಗಾಗಿ ಮನಸ್ಸಲ್ಲಿ ಕನ್ನಡದ ಕೊ ಬಂತು ಅಂದ್ರೆ ಬಾಯಲ್ಲಿ ಯುವರ್ ಬರ್ಬೇಕು ಅಂತ ನಾನು ಗಂಟು ಹಾಕ್ಕೊಂಡೆ. ತೋಳು ಮಡಚ್ಕೊಳ್ಳಿ, ರೋಲ್ ಅಪ್ ಯುವರ್ ಸ್ಲೀವ್ಸ್. ಗೌನ್ ಹಾಕ್ಕೊಳ್ಳಿ, ಪುಟ್ ಆನ್ ಯುವರ್ ಗೌನ್. ಅಳು ತಡ್ಕೊಂಡ್ಳು, ಶಿ ಹೆಲ್ಡ್ ಬ್ಯಾಕ್ ಹರ್ ಟಿಯರ್ಸ್. ಎಲ್ಲ ಕಡೆ ಇದು ನಡೆಯಲ್ಲ ನಿಜ, ಶೂ ಬಿಚ್ಚಿ ಅನ್ನೋದ್ರಲ್ಲಿ ಕೊ ಇಲ್ಲ ಆದ್ರೂ ಯುವರ್ ಬೇಕು, ಆದ್ರೆ ಮೈಮೇಲಿರೋದು, ಕೈಯಲ್ಲಿರೋದು ಅಂದ್ರೆ ಯುವರ್ ಅಂತ ಇಷ್ಟು ನೆನಪಿಟ್ರೆ ಅದೂ ಸರಿ ಹೋಗತ್ತೆ. ಇನ್ನೂ ಖುಷಿ ಕೊಟ್ಟಿದ್ದು ಅಂದ್ರೆ ನೋಡು ಮತ್ತು ನೋಡ್ಕೊ. ನೋಡು ಲುಕ್, ನೋಡ್ಕೊ ಲುಕ್ ಆಫ್ಟರ್. ಎತ್ತು ಲಿಫ್ಟ್, ಮಗೂನ ಎತ್ಕೊ ಪಿಕ್ ಅಪ್ ಯುವರ್ ಬೇಬಿ. ಬಾಲ ಸೇರಿದ್ರೆ ಅರ್ಥ ತಿರುಗೋದು ನಮಗೇನು ಹೊಸದಲ್ಲ ಕಣ್ರೀ, ಹುಟ್ಟಿದಾಗಿಂದ ಮಾಡ್ತಿರೋದೇ, ಅದಕ್ಕೇ ಫ್ರೇಸಲ್ ವರ್ಬ್ ಕಷ್ಟ ಅಂತ ಹೆದರ್ಸೋ ಕ್ಲಾಸುಗಳು ನನಗೆ ಇಷ್ಟ ಆಗಲ್ಲ.

ಪದಗಳ ಜಾಗದ ವಿಷ್ಯ. ಟೇಕ್ ಆಫ್ ಯುವರ್ ಶೂಸ್, ಟೇಕ್ ಯುವರ್ ಶೂಸ್ ಆಫ್ ಎರಡೂ ಸರಿ, ನಮ್ಮ ವಾರ್ಡಲ್ಲಿ ಎರಡನೇದೇ ಜಾಸ್ತಿ ಕೇಳ್ಸತ್ತೆ. ಆದ್ರೆ ಶೂಸ್ ಬದ್ಲು ದೆಮ್ ಬಂದ್ರೆ ನಡುವೆನೇ ಕೂರ್ಬೇಕು, ಟೇಕ್ ದೆಮ್ ಆಫ್. ಲುಕ್ ಆಫ್ಟರ್ ಯುವರ್ ಮದರ್ ಮಾತ್ರ ಒಡೆಯೋ ಹಾಗಿಲ್ಲ, ಲುಕ್ ಆಫ್ಟರ್ ಹರ್ ಅಷ್ಟೇ. ರನ್ ಔಟ್ ಆಫ್ ಮೈ ಟ್ಯಾಬ್ಲೆಟ್ಸ್ (ಮಾತ್ರೆ ಖಾಲಿ ಆಗೋದು) ಕೂಡ ಹಾಗೇ. ಇನ್ನೊಂದು ಪಾಪ್, ಅಂದ್ರೆ ಟೇಕ್, ಪುಟ್ ಬದ್ಲು ಬಳಸೋ ಹಗುರವಾದ ಪದ. ಪಾಪ್ ಯುವರ್ ಟಾಪ್ ಆಫ್ ಫಾರ್ ಮಿ, ಪಾಪ್ ಯುವರ್ ಸ್ಲಿಪ್ಪರ್ಸ್ ಆನ್, ಇಲ್ಲಿನ ನರ್ಸುಗಳು ದಿನವಿಡೀ ಹೇಳೋದು ಇದನ್ನೇ. ಫಾರ್ ಮಿ ಅಂದ್ರೆ ನನಗೋಸ್ಕರ ಅಂತಲ್ಲ, ನಾವು ಸ್ವಲ್ಪ ಶರ್ಟ್ ಬಿಚ್ತೀರಾ ಅಂತ ಸ್ವಲ್ಪ ಸೇರಿಸಿ ಮೆತ್ತಗೆ ಹೇಳ್ತೀವಲ್ಲ, ಅದು.

ಪ್ರಾಕ್ಟೀಸ್‌ಗೆ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದಿದ್ದು ಹ್ಯಾಂಡೋವರ್, ಅಂದ್ರೆ ಶಿಫ್ಟ್ ಬದ್ಲಾಗೋವಾಗ ಮುಂದಿನ ನರ್ಸ್‌ಗೆ ಒಪ್ಪಿಸೋದು. ಒಂದೇ ಸಂಗತಿ ಪೇಷಂಟ್ ಹತ್ರ ಹೇಳೋವಾಗ ಯುವರ್, ಮಗಳ ಹತ್ರ ಫೋನಲ್ಲಿ ಹೇಳೋವಾಗ ಹರ್, ಗಂಡಸು ಪೇಷಂಟ್ ಆದ್ರೆ ಹಿಸ್. ಹಿ ಕೆಪ್ಟ್ ಹಿಸ್ ಬ್ರೇಕ್‌ಫಾಸ್ಟ್ ಡೌನ್, ಅಂದ್ರೆ ತಿಂಡಿ ವಾಂತಿ ಆಗ್ಲಿಲ್ಲ. ನಾವು ವಯಸ್ಸಾದವ್ರನ್ನ ಅವರು ಅಂತೀವಿ, ಅವರ ಅನ್ನೋದ್ರಲ್ಲಿ ಗಂಡಸೋ ಹೆಂಗಸೋ ಕಾಣಲ್ಲ, ಇಂಗ್ಲಿಷಲ್ಲಿ ಸಾಮಾನ್ಯವಾಗಿ ಹಿಸ್ ಅಥವಾ ಹರ್ ಆರಿಸ್ಬೇಕು. ಹಾಗಾಗಿ ಡ್ಯೂಟಿ ಮುಗ್ಯೋ ಮುಂಚೆ ಒಂದೊಂದು ಬೆಡ್ ಹೆಸರು ಹಿಡಿದು ಮೆಲ್ಲಗೆ ಹೇಳ್ಕೊಳ್ತಿದ್ದೆ. ಮನೆಯವ್ರು ಡಿಸ್ಚಾರ್ಜ್ ಬಗ್ಗೆ ನಿರ್ಧಾರ ಮಾಡ್ಕೊಂಡ್ರಾ ಅಂತ ಕೇಳ್ಬೇಕಾದ್ರೆ ಹ್ಯಾವ್ ದೇ ಮೇಡ್ ಅಪ್ ದೇರ್ ಮೈಂಡ್ಸ್, ಅಲ್ಲಿ ಮೈಂಡ್ಸ್ ಅಂತ ಬಹುವಚನ, ಅದೂ ನೆನಪಿರ್ಲಿ.

ಈ ವಿಷ್ಯದಲ್ಲಿ ಕನ್ನಡ ಒಂದು ಕಡೆ ಗೆಲ್ಲತ್ತೆ. ಆಪರೇಷನ್ ಆದ್ಮೇಲೆ ಕೆಲವು ಹಿರಿಯರಿಗೆ ಗೊಂದಲ ಆಗಿ, ಕೈಗೆ ಹಾಕಿರೋ ಕ್ಯಾನ್ಯುಲಾನ (ಡ್ರಿಪ್ ಹಾಕೋಕೆ ನರದೊಳಗೆ ಇಡೋ ಸಣ್ಣ ಕೊಳವೆ) ಕಿತ್ತು ಹಾಕ್ತಾರೆ. ಶಿ ಪುಲ್ಡ್ ಔಟ್ ಹರ್ ಕ್ಯಾನ್ಯುಲಾ ಅಂದ್ರೆ ತನ್ನದಾ, ಪಕ್ಕದ ಬೆಡ್ ಅಜ್ಜಿದಾ? ನಮಗೆ ತನ್ನ, ಅವಳ ಅಂತ ಬೇರೆ ಬೇರೆ ಪದ ಇದೆ, ಹರ್ ಒಂದರಲ್ಲಿ ಎರಡೂ ಇದೆ. ಅದಕ್ಕೇ ನರ್ಸಿಂಗ್ ನೋಟ್ಸಲ್ಲಿ ಪುಲ್ಡ್ ಔಟ್ ಓನ್ ಕ್ಯಾನ್ಯುಲಾ ಅಂತ ಬರೆಯೋದು ನೋಡ್ತೀರಿ. ಆ ಓನ್ ನಮ್ಮ ತನ್ನ. ಎಲ್ಲೆಲ್ಲಿ ಅನುಮಾನ ಬರಬಹುದೋ ಅಲ್ಲೆಲ್ಲ ನಾನು ಓನ್ ಹಾಕ್ತೀನಿ.

ಇನ್ನು ಕೇಳಿಸ್ಕೊಳ್ಳೋದು. ಪುಸ್ತಕದಲ್ಲಿ ಬಿಡಿಬಿಡಿಯಾಗಿರೋ ಪದಗಳು ಬಾಯಲ್ಲಿ ಅಂಟ್ಕೊಂಡು ಟೇಕಾಫ್ಯ ಶೂಸ್, ರೋಲಪ್ಯ ಸ್ಲೀವ್ ಅಂತ ಬರತ್ತೆ, ಯುವರ್ ಬರೀ ಯ ಆಗಿ ಉಳಿಯತ್ತೆ. ಒತ್ತು ಬೀಳೋದು ಟೇಕ್ ಮೇಲಲ್ಲ, ಆಫ್ ಮತ್ತು ಶೂಸ್ ಮೇಲೆ. ಈ ಕಡೆ ವಯಸ್ಸಾದವ್ರು ಮೈ ಅನ್ನೋದನ್ನ ಮಿ ಅಂತಾರೆ, ಐವ್ ಪುಟ್ ಮಿ ಟೀತ್ ಇನ್, ಡಕ್. ಡಕ್ ಅಂದ್ರೆ ಬಾತುಕೋಳಿ ಅಲ್ಲ, ನಮ್ಮ ಕಡೆ ಕಣಮ್ಮ ಅನ್ನೋ ಹಾಗೆ ಪ್ರೀತಿಯ ಮಾತು. ಆ ಮಿ ಕೇಳಿ ಗ್ರಾಮರ್ ತಪ್ಪು ಅಂತ ಅಂದ್ಕೋಬೇಡಿ, ಅದು ಇಲ್ಲಿನ ಭಾಷೆ, ಆದ್ರೆ ನೋಟ್ಸಲ್ಲಿ ಬರೆಯೋಕೆ ಹೋಗ್ಬೇಡಿ. ಬರೋ ಮುಂಚೆ ಊರಲ್ಲೇ ಪ್ರಾಕ್ಟೀಸ್ ಮಾಡ್ಬೇಕು ಅನ್ನೋರು ಮೊಬೈಲಲ್ಲಿ ನಿಮ್ಮದೇ ವಾಯ್ಸ್ ರೆಕಾರ್ಡ್ ಮಾಡಿ, ಹತ್ತು ವಾಕ್ಯ ಸಾಕು, ಒಂದು ಸಲ ಪೇಷಂಟ್‌ಗೆ, ಒಂದು ಸಲ ಮನೆಯವ್ರಿಗೆ, ಒಂದು ಸಲ ಹ್ಯಾಂಡೋವರ್‌ಗೆ ಹೇಳೋ ಹಾಗೆ, ಆಮೇಲೆ ಕೇಳ್ತಾ ಯಾವ್ಯಾವ ಕಡೆ ಯುವರ್, ಹರ್, ಹಿಸ್ ಬಿಟ್ಟಿದೀರಿ ಅಂತ ಟಿಕ್ ಹಾಕ್ತಾ ಹೋಗಿ.