ಘಾಟಿ ಶುರುವಾಗುವ ಮೊದಲೇ ಗೇರು

ಬಾಂಬೆ ಲೈನಿಗೆ ನಾನು ಹೊಸಬ. ಕುಶಾಲನಗರದಿಂದ ಲಾರಿಗೆ ಶುಂಠಿ ತುಂಬಿಕೊಂಡು ನವಿ ಮುಂಬೈಯ ವಾಶಿ ಮಾರ್ಕೆಟ್ಟಿಗೆ ಹೋಗುತ್ತೇನೆ. ಅದಕ್ಕೂ ಮೊದಲು ಮಂಗಳೂರಿಗೆ ಕಾಫಿ ಲೋಡ್ ಒಯ್ಯುತ್ತಿದ್ದೆ. ದೂರದ ರಸ್ತೆಯಲ್ಲಿ ಇವತ್ತು ನನ್ನ ಕೈ ಹಿಡಿಯುತ್ತಿರುವುದು ಮಡಿಕೇರಿ–ಸಂಪಾಜೆ ಘಾಟಿಯಲ್ಲಿ ಕಲಿತ ಪಾಠವೇ.

ಹತ್ತು ಚಕ್ರದ ಲಾರಿ ಅಂದರೆ ಗಾಡಿ, ಲೋಡ್ ಎಲ್ಲ ಸೇರಿ 28.5 ಟನ್ ತನಕ ಹೋಗಬಹುದು. ಅಷ್ಟು ಭಾರ ಹೊತ್ತು ಸುಂಟಿಕೊಪ್ಪ, ಬೋಯಿಕೇರಿ ಹತ್ತಿ ಮಡಿಕೇರಿ ಮುಟ್ಟುವುದು ತಾಳ್ಮೆಯ ಕೆಲಸ, ಅಷ್ಟೇ. ಕಷ್ಟ ಇರುವುದು ಆಮೇಲೆ. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಮದೆನಾಡು, ಜೋಡುಪಾಲ, ಕೊಯನಾಡು ದಾಟಿ ಸಂಪಾಜೆಗೆ ಬರುವಷ್ಟರಲ್ಲಿ ಹತ್ತಿರ ಹತ್ತಿರ ಒಂದು ಕಿಲೋಮೀಟರ್ ಕೆಳಗೆ ಇಳಿದಿರುತ್ತೇವೆ.

ನನಗೆ ಕಲಿಸಿದ ಹಿರಿಯ ಡ್ರೈವರ್ ಊರು ದಾಟುತ್ತಿದ್ದ ಹಾಗೆ ಹೇಳುತ್ತಿದ್ದರು: "ಇಲ್ಲೇ ಗೇರ್ ಹಾಕ್ಕೋ ತಮ್ಮಾ. ಕೆಳಗೆ ಹೋದ್ಮೇಲೆ ಗಾಡಿ ನಿನ್ನ ಮಾತು ಕೇಳಲ್ಲ." ಯಾಕಣ್ಣಾ ಅಂತ ಕೇಳಿದರೆ ಬಿಡಿಸಿ ಹೇಳುತ್ತಿದ್ದರು. ಇಳಿಜಾರಿನಲ್ಲಿ ವೇಗ ಏರಿಬಿಟ್ಟರೆ ಸಣ್ಣ ಗೇರು ಕೂರುವುದಿಲ್ಲ. ದೊಡ್ಡ ಗೇರಿನಿಂದ ತೆಗೆದು ಸಣ್ಣದಕ್ಕೆ ಹಾಕಲು ಹೋಗಿ ನ್ಯೂಟ್ರಲ್‌ನಲ್ಲಿ ಸಿಕ್ಕಿಕೊಂಡರೆ ಪೂರ್ತಿ ಭಾರ ಬ್ರೇಕಿನ ಮೇಲೆ. ಚಕ್ರದ ಬ್ರೇಕ್ ಡ್ರಮ್ ಕಾದಷ್ಟೂ ಅದನ್ನು ಒತ್ತಿ ಹಿಡಿಯುವ ಲೈನರ್‌ನ ಹಿಡಿತ ಕಮ್ಮಿ. ಸುಟ್ಟ ವಾಸನೆ ಕ್ಯಾಬಿನ್‌ಗೆ ಬಂತೆಂದರೆ ಆಗಲೇ ತಡವಾಗಿದೆ ಅಂತ ಲೆಕ್ಕ.

ಹಾಗಾಗಿ ಸಣ್ಣ ಗೇರು, ಜೊತೆಗೆ ಹೊಗೆ ಹೋಗುವ ದಾರಿ ಕಟ್ಟಿ ಎಂಜಿನ್‌ನಿಂದಲೇ ವೇಗ ತಗ್ಗಿಸುವ ಎಕ್ಸಾಸ್ಟ್ ಬ್ರೇಕ್ ಆನ್. ಎಂಜಿನ್ ಗುಂಯ್ ಅಂತ ಗಾಡಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಪೆಡಲ್ ಮೇಲೆ ಸುಮ್ನೆ ಕಾಲಿಟ್ಟುಕೊಂಡು ಹೋಗುವುದಿಲ್ಲ. ವೇಗ ಏರಿತು ಅನಿಸಿದಾಗ ಗಟ್ಟಿಯಾಗಿ ಒತ್ತುತ್ತೇನೆ, ವೇಗ ಇಳಿಸಿಕೊಂಡು ಪೂರ್ತಿ ಬಿಡುತ್ತೇನೆ. ಆ ಬಿಡುವಿನಲ್ಲಿ ಡ್ರಮ್‌ಗೆ ಸ್ವಲ್ಪ ಗಾಳಿಯಾಡುತ್ತದೆ. ಕಣ್ಣು ರಸ್ತೆಯ ಜೊತೆಗೆ, ಬ್ರೇಕ್ ಹಿಡಿಯುವ ಗಾಳಿಯ ಒತ್ತಡ ತೋರಿಸುವ ಏರ್ ಗೇಜ್ ಮೇಲೂ ಇರಬೇಕು. ಪ್ರತಿ ಸಲ ಒತ್ತಿದಾಗಲೂ ಮುಳ್ಳು ಒಂಚೂರು ಬೀಳುತ್ತದೆ, ಕಂಪ್ರೆಸರ್ ಮತ್ತೆ ತುಂಬುತ್ತದೆ. ತುಂಬುವುದಕ್ಕಿಂತ ಬೇಗ ಖಾಲಿ ಮಾಡುತ್ತಿದ್ದರೆ ನಾನು ಬ್ರೇಕ್ ಜಾಸ್ತಿ ಬಳಸುತ್ತಿದ್ದೇನೆ ಅಂತ ಅರ್ಥ. ಅಗಲ ಇರುವ ಕಡೆ ನಿಲ್ಲಿಸಿಬಿಡುವುದೇ ಒಳ್ಳೆಯದು.

ಮೇಲೆ ಹತ್ತುವ ಗಾಡಿಗೆ ಇಳಿಯುವವನು ದಾರಿ ಬಿಡಬೇಕು ಅನ್ನುವುದು ರೂಲ್. ಹಿಂದಿನಿಂದ ಹಾರ್ನ್ ಹೊಡೆಯುವ ಕಾರಿನವರಿಗೆ ಇದು ಗೊತ್ತಿದ್ದರೆ ಎಷ್ಟು ಚೆನ್ನಾಗಿತ್ತು. ಮಳೆಗಾಲದ ಮಾತೇ ಬೇರೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಕಡೆ ಗುಡ್ಡ ಜರಿದು ಈ ದಾರಿಯೇ ಬಂದ್ ಆಗಿತ್ತು. ಜೋರು ಮಳೆ ಇದ್ದರೆ ಈಗಲೂ ವಿಚಾರಿಸಿಕೊಂಡೇ ಹೊರಡುತ್ತೇನೆ.

ಬಾಂಬೆ ದಾರಿಯಲ್ಲಿ ಸಾತಾರಾ ದಾಟಿದ ಮೇಲೆ ಖಂಬಾಟ್ಕಿ ಘಾಟಿ ಸಿಗುತ್ತದೆ. ಅಲ್ಲಿ ಎಲ್ಲರೂ ಹುಷಾರಾಗಿಯೇ ಇರುತ್ತಾರೆ. ನನಗೆ ನಿಜವಾಗಿ ಭಯ ಆಗುವುದು ಪುಣೆಯ ಹತ್ತಿರ, ಕಾತ್ರಜ್ ಸುರಂಗ ದಾಟಿ ನವಲೆ ಸೇತುವೆಗೆ ಇಳಿಯುವ ಕಡೆ. ನೋಡಿದರೆ ಘಾಟಿ ಅಂತ ಅನ್ನಿಸುವುದೇ ಇಲ್ಲ. ಅಗಲವಾದ ಹೈವೇ, ತಿರುವೂ ಕಮ್ಮಿ. ಡೀಸೆಲ್ ಉಳಿಯುತ್ತದೆ ಅಂತ ನ್ಯೂಟ್ರಲ್ ಮಾಡಿ ಗಾಡಿ ಬಿಟ್ಟುಬಿಡುತ್ತಾರೆ. ಇಳಿಜಾರು ಮಾತ್ರ ಕಿಲೋಮೀಟರ್‌ಗಟ್ಟಲೆ ಮುಗಿಯುವುದಿಲ್ಲ. ಕೆಳಗೆ ಊರಿನ ಟ್ರಾಫಿಕ್. 2022ರ ನವೆಂಬರ್‌ನಲ್ಲಿ ಅಲ್ಲಿ ಲಾರಿಯೊಂದು ನುಗ್ಗಿ ಹತ್ತಾರು ವಾಹನ ಜಖಂ ಆದವು. ಅಲ್ಲಿಯೂ ನಾನು ಸುರಂಗದ ಹತ್ತಿರವೇ ಗೇರು ಇಳಿಸುತ್ತೇನೆ. ಪಕ್ಕದ ಲಾರಿಗಳು ಸರಸರನೆ ದಾಟಿ ಹೋಗುತ್ತವೆ. ಹೋಗಲಿ ಬಿಡಿ. ಶುಂಠಿ ಅರ್ಧ ಗಂಟೆ ತಡವಾದರೆ ಕೊಳೆಯುವುದಿಲ್ಲ.

ಯಾವ ಇಳಿಜಾರು ಮುಗಿದರೂ ಜಾಗ ನೋಡಿ ನಿಲ್ಲಿಸಿ, ಇಳಿದು ಒಂದು ಸುತ್ತು ಬರುತ್ತೇನೆ. ಚಕ್ರದ ನಡುವಿನ ಹಬ್‌ನ ಹತ್ತಿರ ಅಂಗೈ ತಂದರೆ ಸಾಕು, ಯಾವ ಚಕ್ರ ಬೇರೆಯದಕ್ಕಿಂತ ಜಾಸ್ತಿ ಕಾದಿದೆ ಅಂತ ಗೊತ್ತಾಗುತ್ತದೆ. ಆ ಚಕ್ರದ ಬ್ರೇಕ್ ಅಡ್ಜಸ್ಟ್ ಮಾಡಿಸಬೇಕು. ಜೋಡಿ ಟೈರಿನ ಸಂದಿಯಲ್ಲಿ ಕಲ್ಲು ಸಿಕ್ಕಿದ್ದರೆ ಕಿತ್ತು ತೆಗೆಯುತ್ತೇನೆ, ಒಳಗಿನ ಟೈರಿಗೆ ರಾಡಿನಿಂದ ಬಡಿದು ಸದ್ದು ಕೇಳುತ್ತೇನೆ. ಗಾಳಿ ಸರಿ ಇದ್ದರೆ ರಾಡು ಪುಟಿಯುತ್ತದೆ, ಇಲ್ಲದಿದ್ದರೆ ದಪ್ ಅನ್ನುತ್ತದೆ.

ಇದನ್ನೆಲ್ಲ ಮಾಡಲು ಲಾರಿ ನಿಲ್ಲಿಸುವ ಜಾಗ ಬೇಕಲ್ವಾ? ಘಾಟಿಯ ಮೇಲೊಂದು, ಕೆಳಗೊಂದು ಲಾರಿ ನಿಲ್ಲುವಷ್ಟು ಅಗಲವಾದ ಜಾಗ, ಕುಡಿಯುವ ನೀರು, ಒಂದು ಶೌಚಾಲಯ. ನಮ್ಮ ಕೊಡಗಿನ ಘಾಟಿಗಳಿಗೆ ಯಾರಾದರೂ ಇಷ್ಟು ಮಾಡಿಕೊಟ್ಟರೆ ಕೆಳಗಿನ ಊರಿನವರಿಗೂ ಒಳ್ಳೆಯದು.